ತೀರಿಹೋದ ಅಪ್ಪನ ಮೊಬೈಲನ್ನು ತೆರೆದು ಓದುವುದು ಸರಿಯೇ?

ಪ್ರಶ್ನೆ

ನಮ್ಮ ತಂದೆಯವರು ತೀರಿಕೊಂಡು ಐದು ವಾರಗಳಾದವು. ಅವರ ಬಟ್ಟೆಬರೆ, ಕನ್ನಡಕ, ಔಷಧಿಯ ಡಬ್ಬಿ, ಅರ್ಧ ಓದಿ ಗುರುತಿಟ್ಟಿದ್ದ ಪುಸ್ತಕ, ಇವನ್ನೆಲ್ಲ ಏನು ಮಾಡಬೇಕೆಂಬುದು ಯಾರೂ ಹೇಳಿಕೊಡದೆಯೇ ಮನೆಯವರಿಗೆ ತಿಳಿಯಿತು. ಅವರ ಮೊಬೈಲನ್ನು ಏನು ಮಾಡಬೇಕೆಂಬುದು ಮಾತ್ರ ನಮ್ಮಲ್ಲಿ ಒಬ್ಬರಿಗೂ ತಿಳಿಯುತ್ತಿಲ್ಲ. ಹಿರಿಯರನ್ನು ಕೇಳೋಣವೆಂದರೆ ಅವರ ಹಿರಿಯರು ಹೋದಾಗ ಇಂಥದ್ದೊಂದು ವಸ್ತು ಮನೆಯಲ್ಲಿ ಉಳಿದಿರಲಿಲ್ಲ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಮೊಬೈಲು ಅಪ್ಪ ಮಲಗುತ್ತಿದ್ದ ಕೋಣೆಯ ಗೂಡಿನಲ್ಲಿದೆ. ರಾತ್ರಿ ನಾನೇ ಚಾರ್ಜಿಗೆ ಹಾಕುತ್ತೇನೆ. ಬೆಳಿಗ್ಗೆ 5.40ಕ್ಕೆ ಅದರ ಅಲಾರಂ ಹೊಡೆಯುತ್ತದೆ. ಅಮ್ಮ ಎದ್ದುಹೋಗಿ ನಿಲ್ಲಿಸುತ್ತಾರೆ, ಆದರೆ ಅಲಾರಂ ತೆಗೆದುಬಿಡಲೇ ಎಂದು ಕೇಳಿದರೆ ಬೇಡವೆನ್ನುತ್ತಾರೆ. ಸುದ್ದಿ ತಲುಪದ ಪರಿಚಯದವರಿಂದ ಈಗಲೂ ಶುಭೋದಯದ ಚಿತ್ರಗಳು ಬರುತ್ತಿವೆ. ಸುದ್ದಿ ತಿಳಿದವರಲ್ಲಿಯೂ ಒಬ್ಬರು, ಬಹುಶಃ ಮನಸ್ಸು ತಡೆಯದೆ, ಅಪ್ಪನ ಹೆಸರಿಗೇ ಒಂದು ಉದ್ದನೆಯ ಸಂದೇಶ ಕಳುಹಿಸಿದ್ದಾರೆ.

ಅದರ ಲಾಕ್ ತೆರೆಯುವ ಸಂಖ್ಯೆ ನನಗೆ ಗೊತ್ತಿದೆ. ಆಸ್ಪತ್ರೆಯಲ್ಲಿದ್ದಾಗ, ಕಣ್ಣು ಮಂಜಾಗಿ ಓದಲಾಗದೆ, ಬಂದಿರುವ ಸಂದೇಶಗಳನ್ನು ಓದಿ ಹೇಳೆಂದು ಅಪ್ಪನೇ ಆ ಆರು ಅಂಕಿಗಳನ್ನು ಒಂದೊಂದಾಗಿ ಹೇಳಿದ್ದರು. ಅಂದು ಒಂದು ಕೆಲಸಕ್ಕೆಂದು ಕೊಟ್ಟ ಆ ಅನುಮತಿ ಇಂದಿಗೂ ನನ್ನ ಬಳಿ ಉಳಿದಿದೆಯೇ, ಅಥವಾ ಅಂದಿನ ಕೆಲಸದೊಂದಿಗೆ ಮುಗಿದುಹೋಯಿತೇ ಎಂಬುದೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಮನೆಯಲ್ಲಿ ಮೂರು ಅಭಿಪ್ರಾಯಗಳಿವೆ. ಎಲ್ಲವನ್ನೂ ತೆರೆದು ಉಳಿಸಿಕೊಳ್ಳಬೇಕು, ಒಂದು ಅಕ್ಷರವನ್ನೂ ಕಳೆದುಕೊಳ್ಳಬಾರದು ಎಂದು ತಂಗಿ ಹೇಳುತ್ತಾಳೆ. ಸಂಪರ್ಕ ನಿಲ್ಲಿಸಿ, ಒಳಗಿರುವುದನ್ನೆಲ್ಲ ಅಳಿಸಿ, ಮೊಬೈಲನ್ನು ಯಾರಿಗಾದರೂ ಉಪಯೋಗಕ್ಕೆ ಕೊಡಬೇಕೆಂದು ತಮ್ಮ ಹೇಳುತ್ತಾನೆ. ಅಮ್ಮನಿಗೆ ಇವೆರಡೂ ಬೇಡ. ಅಪ್ಪ ಟೈಪ್ ಮಾಡಲು ಬೇಸರಪಟ್ಟು ಮಾತಿನಲ್ಲಿಯೇ ಹೇಳಿ ಕಳುಹಿಸುತ್ತಿದ್ದ ಧ್ವನಿಸಂದೇಶಗಳು ಸಿಕ್ಕರೆ ಸಾಕು.

ಹತ್ತು ದಿನಗಳ ಹಿಂದೆ ಒಂದು ಭಾವಚಿತ್ರ ಹುಡುಕಲೆಂದು ನಾನು ಮೊಬೈಲನ್ನು ತೆರೆದೆ. ವಾಟ್ಸ್‌ಆ್ಯಪ್ ಪಟ್ಟಿಯಲ್ಲಿ ಅಪ್ಪನ ಹಳೆಯ ಸ್ನೇಹಿತರೊಬ್ಬರ ಹೆಸರಿನ ಕೆಳಗೆ, ಬರೆದು ಕಳುಹಿಸದೆ ಉಳಿದ ಒಂದು ಸಾಲು ಕಂಡಿತು: “ಆ ಲೆಕ್ಕದ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ, ನೀನೂ”. ಅಷ್ಟೇ ಇತ್ತು. ನಾನು ಅದರ ಮೇಲಿನ ಸಂದೇಶಗಳನ್ನು ನೋಡದೆ ಮುಚ್ಚಿಟ್ಟೆ. ಅಪ್ಪನಿಗೆ ಸಾಲವೇನಾದರೂ ಇತ್ತೇ, ಇದ್ದರೆ ಅದನ್ನು ತೀರಿಸಬೇಕಾದವರು ನಾವಲ್ಲವೇ ಎಂದು ಒಂದು ಮನಸ್ಸು ಹೇಳಿದರೆ, ಮನೆಯಲ್ಲಿ ಹೇಳಿಲ್ಲವೆಂದು ಅವರೇ ಬರೆದಿರುವುದನ್ನು ಮನೆಯವರೇ ಹೋಗಿ ಓದುವುದು ಹೇಗೆ ಎಂದು ಇನ್ನೊಂದು ಮನಸ್ಸು ತಡೆಯುತ್ತದೆ.

ಮೊದಲು ಏನು ಮಾಡಬೇಕು, ಏನನ್ನು ಮಾಡಲೇಬಾರದು, ಎಷ್ಟು ಓದಬಹುದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೊಬೈಲ್ ಮತ್ತು ಕಂಪ್ಯೂಟರುಗಳಿಂದ ಮಾಹಿತಿಯನ್ನು ಮರಳಿ ಪಡೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ನಿಮ್ಮ ಪ್ರಶ್ನೆಯ ಧರ್ಮಸೂಕ್ಷ್ಮದ ಭಾಗವನ್ನು ಇತರರಿಗೆ ಬಿಟ್ಟು, ತಾಂತ್ರಿಕ ಭಾಗಕ್ಕೆ ಉತ್ತರಿಸುತ್ತೇನೆ. ಮೊದಲನೆಯ ಮಾತು: ಹಿಂದಕ್ಕೆ ಪಡೆಯಲಾಗದ ಯಾವ ಕೆಲಸವನ್ನೂ ಈಗಲೇ ಮಾಡಬೇಡಿ. ಉಳಿಸಿಕೊಂಡದ್ದನ್ನು ಓದದೆ ಇರಲು ಮುಂದೆಯೂ ಅವಕಾಶವಿರುತ್ತದೆ. ಅಳಿಸಿದ್ದನ್ನು ಓದಲು ಎಂದಿಗೂ ಅವಕಾಶವಿರುವುದಿಲ್ಲ. ನಿಮ್ಮ ತಮ್ಮನವರ ಸಲಹೆ ಕೊನೆಗೆ ಸರಿಯೆಂದೇ ತೀರ್ಮಾನವಾಗಬಹುದು, ಆದರೆ ಅದು ಕೊನೆಯ ಹೆಜ್ಜೆಯಾಗಿರಲಿ.

ಸಿಮ್ ಸಂಪರ್ಕವನ್ನು ಕಡಿದುಹಾಕಬೇಡಿ, ಕರೆನ್ಸಿ ಮುಗಿಯಲು ಬಿಡಬೇಡಿ. ಇಂದು ಮನುಷ್ಯನ ಇಮೇಲ್, ಕ್ಲೌಡ್‌ನಲ್ಲಿರುವ ಚಿತ್ರಗಳು, ನಾನಾ ಬಗೆಯ ಖಾತೆಗಳು, ಎಲ್ಲದಕ್ಕೂ ಒಟಿಪಿ ಬರುವುದು ಆ ಒಂದು ಸಂಖ್ಯೆಗೆ. ಸಂಖ್ಯೆ ಹೋದರೆ ಪಾಸ್‌ವರ್ಡ್ ಗೊತ್ತಿದ್ದರೂ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ. ನಿಂತುಹೋದ ಸಂಖ್ಯೆಗಳನ್ನು ಕಂಪನಿಗಳು ಸ್ವಲ್ಪ ಕಾಲ ಸುಮ್ಮನಿಟ್ಟು ಅನಂತರ ಬೇರೊಬ್ಬ ಗ್ರಾಹಕರಿಗೆ ಕೊಡುತ್ತವೆ. ಆ ಸಿಮ್ ತೆಗೆದು ಬೇರೊಂದು ಮೊಬೈಲಿಗೆ ಹಾಕಿ ಅಲ್ಲಿ ವಾಟ್ಸ್‌ಆ್ಯಪ್ ತೆರೆಯಲು ಹೋಗಬೇಡಿ; ಹಾಗೆ ಮಾಡಿದ ಕೂಡಲೇ ಹಳೆಯ ಮೊಬೈಲಿನಲ್ಲಿ ಖಾತೆ ಹೊರಬೀಳುತ್ತದೆ. ವಾಟ್ಸ್‌ಆ್ಯಪ್ ಖಾತೆಯು ಸಾಮಾನ್ಯವಾಗಿ 120 ದಿನಗಳ ಕಾಲ ಬಳಕೆಯಲ್ಲಿಲ್ಲದಿದ್ದರೆ ತಾನಾಗಿಯೇ ಅಳಿಯುತ್ತದೆ ಎಂಬುದೂ ನೆನಪಿರಲಿ. ನೀವು ಮೊಬೈಲನ್ನು ಚಾರ್ಜ್ ಮಾಡಿ ನೆಟ್‌ವರ್ಕಿನಲ್ಲಿ ಇಟ್ಟಿರುವುದು ತಿಳಿದೋ ತಿಳಿಯದೆಯೋ ಒಳ್ಳೆಯದೇ ಆಗಿದೆ.

ಆರು ಅಂಕಿಗಳ ಸಂಖ್ಯೆಯನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊಬೈಲು ಒಮ್ಮೆ ಆರಿ ಮತ್ತೆ ಹೊತ್ತಿಕೊಂಡರೆ ಬೆರಳಚ್ಚಾಗಲಿ ಮುಖವಾಗಲಿ ನಡೆಯುವುದಿಲ್ಲ, ಆ ಸಂಖ್ಯೆಯನ್ನೇ ಕೇಳುತ್ತದೆ. ಅದನ್ನು ಒತ್ತುವವರೆಗೂ ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲಿಯೇ ಇರುತ್ತದೆ. ನೆನಪಿನ ಮೇಲೆ ಭರವಸೆಯಿಟ್ಟು ತಪ್ಪು ಸಂಖ್ಯೆಗಳನ್ನು ಒತ್ತುತ್ತ ಹೋದವರು ಬಹಳ ಕಳೆದುಕೊಂಡಿದ್ದಾರೆ. ಐಫೋನುಗಳಲ್ಲಿ ಹತ್ತು ಬಾರಿ ತಪ್ಪಿದರೆ ಎಲ್ಲವೂ ಅಳಿಸಿಹೋಗುವಂತೆ ಮಾಡುವ ಒಂದು ಆಯ್ಕೆಯಿದೆ, ಮತ್ತು ಅದನ್ನು ಮಾಲೀಕರು ಆರಿಸಿಕೊಂಡಿದ್ದರೇ ಇಲ್ಲವೇ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಇನ್ನು ಪ್ರತಿ ಮಾಡಿಕೊಳ್ಳುವ ಕೆಲಸ. ಚಿತ್ರಗಳನ್ನೂ ಧ್ವನಿಸಂದೇಶಗಳನ್ನೂ ಕೇಬಲ್ ಮೂಲಕ ಕಂಪ್ಯೂಟರಿಗೆ ತೆಗೆದುಕೊಳ್ಳಬಹುದು; ವಾಟ್ಸ್‌ಆ್ಯಪ್ ಧ್ವನಿಸಂದೇಶಗಳು ಓಪಸ್ ಎಂಬ ನಮೂನೆಯ ಕಡತಗಳಾಗಿ ಸಿಗುತ್ತವೆ, ಅವು ಕಂಪ್ಯೂಟರಿನಲ್ಲಿ ಹಾಡುಗಳಂತೆಯೇ ಕೇಳಿಸುತ್ತವೆ. ತಾಯಿಯವರಿಗೆ ಬೇಕಾಗಿರುವುದು ಇದೇ ಆದ್ದರಿಂದ ಇದನ್ನೇ ಮೊದಲು ಮಾಡಿ. ಒಬ್ಬರೊಡನೆ ನಡೆದ ಮಾತುಕತೆಯನ್ನು ಓದದೆಯೇ ಹಾಗೆಹಾಗೆಯೇ ಕಡತವಾಗಿ ಹೊರತೆಗೆಯುವ ಸೌಲಭ್ಯವೂ ಇದೆ, ಆದರೆ ಬಹಳ ಉದ್ದದ ಮಾತುಕತೆಯಾದರೆ ಈಚಿನ ಭಾಗ ಮಾತ್ರ ಬರುತ್ತದೆ. ನಮ್ಮ ವೃತ್ತಿಯವರು ಹೇಳುವುದು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಮನೆಯ ಹೊರಗಿನ ಪ್ರತಿಯನ್ನು ನಿಮ್ಮ ತಂಗಿಯವರು ಇಟ್ಟುಕೊಳ್ಳಲಿ.

ಪ್ರತಿಗಳು ಆದ ಮೇಲೆ ಮೊಬೈಲನ್ನು ಎತ್ತಿಡುವುದಾದರೆ, ಅರ್ಧ ಚಾರ್ಜಿನಲ್ಲಿ ಆರಿಸಿ, ಬಿಸಿಲು ತಾಕದ ತಂಪಾದ ಜಾಗದಲ್ಲಿಡಿ. ವರ್ಷಗಟ್ಟಲೆ ಪೂರ್ತಿ ಚಾರ್ಜಿನಲ್ಲಿಯೇ ಸಿಕ್ಕಿಸಿಟ್ಟ ಲಿಥಿಯಂ ಬ್ಯಾಟರಿ ಉಬ್ಬಿಕೊಂಡು ಪರದೆಯನ್ನೇ ಎತ್ತಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದು ಎಚ್ಚರಿಕೆಯನ್ನು ಬೇರೆಯಾಗಿಯೇ ಹೇಳಬೇಕು. ಆ ಮೊಬೈಲಿನಲ್ಲಿ ಹಣ ಪಾವತಿಯ ಆ್ಯಪ್ ಇದ್ದರೆ, ಮನೆಯ ಖರ್ಚಿಗೇ ಆದರೂ, ಅದರಿಂದ ಹಣ ವರ್ಗಾಯಿಸಬೇಡಿ. ಖಾತೆದಾರರು ಹೋದ ಮೇಲೆ ಅವರ ಹೆಸರಿನಲ್ಲಿ ವ್ಯವಹರಿಸುವ ಅಧಿಕಾರ ಯಾರಿಗೂ ಇರುವುದಿಲ್ಲ. ಮರಣ ಪ್ರಮಾಣಪತ್ರದೊಂದಿಗೆ ಬ್ಯಾಂಕಿಗೆ ತಿಳಿಸಿ ಕ್ರಮವಾಗಿ ಪಡೆದುಕೊಳ್ಳುವುದೇ ದಾರಿ. ಒಳ್ಳೆಯ ಮನಸ್ಸಿನಿಂದ ಮಾಡಿದ ಇಂಥ ವರ್ಗಾವಣೆಗಳು ಮುಂದೆ ಒಡಹುಟ್ಟಿದವರ ನಡುವೆಯೇ ಜಗಳಕ್ಕೆ ಕಾರಣವಾಗಿವೆ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತಲೇ, ಅವರು ಬಿಟ್ಟುಬಿಟ್ಟ ಭಾಗವನ್ನು ನಾನು ಎತ್ತಿಕೊಳ್ಳುತ್ತೇನೆ. ಮೊಬೈಲು ನಿಮ್ಮ ತಂದೆಯವರದ್ದು, ಆದ್ದರಿಂದ ಈಗ ನಿಮ್ಮದು, ಹೀಗೆ ಯೋಚಿಸುವುದರಲ್ಲಿ ಒಂದು ತಪ್ಪಿದೆ. ಅದರೊಳಗಿನ ಪ್ರತಿಯೊಂದು ಮಾತುಕತೆಗೂ ಇಬ್ಬರು ಒಡೆಯರಿದ್ದಾರೆ, ಮತ್ತು ಆ ಇಬ್ಬರಲ್ಲಿ ಒಬ್ಬರು ಇನ್ನೂ ಬದುಕಿದ್ದಾರೆ.

ಇದು ಹೊಸ ಪ್ರಶ್ನೆಯಲ್ಲ, ಕಾಗದದ ಕಾಲದಲ್ಲಿಯೇ ಎದ್ದಿತ್ತು. ಕವಿ ಅಲೆಕ್ಸಾಂಡರ್ ಪೋಪ್ ಅವರ ಪತ್ರಗಳನ್ನು ಪ್ರಕಾಶಕನೊಬ್ಬ ಅವರ ಅನುಮತಿಯಿಲ್ಲದೆ ಅಚ್ಚುಹಾಕಿದಾಗ, 1741ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು, ಪತ್ರ ತಲುಪಿದವನಿಗೆ ಸೇರಿದ್ದು ಕಾಗದವೆಂಬ ವಸ್ತು ಮಾತ್ರ, ಅದರ ಮೇಲಿನ ಮಾತನ್ನು ಪ್ರಕಟಿಸುವ ಹಕ್ಕು ಬರೆದವನಲ್ಲಿಯೇ ಉಳಿಯುತ್ತದೆ ಎಂದು ಹೇಳಿತು. ನಿಮ್ಮ ತಂದೆಯವರಿಗೆ ಬಂದ ಸಂದೇಶಗಳಿಗೆ ಇದೇ ವಿವೇಕ ಅನ್ವಯಿಸುತ್ತದೆಂದು ನನ್ನ ಭಾವನೆ. ಯಾರೋ ಒಬ್ಬರು ತಮ್ಮ ಕಾಯಿಲೆಯ ಬಗ್ಗೆಯೋ, ಮಗಳ ಸಂಸಾರದ ಬಗ್ಗೆಯೋ ಅವರನ್ನು ನಂಬಿ ಬರೆದಿರಬಹುದು. ಅವರು ನಂಬಿದ್ದು ನಿಮ್ಮ ತಂದೆಯವರನ್ನು, ನಿಮ್ಮನ್ನಲ್ಲ.

ಕಾನೂನು ಏನು ಹೇಳುತ್ತದೆಂದು ಕೆಲವರು ಕೇಳಬಹುದು. ದೇಶದಿಂದ ದೇಶಕ್ಕೆ ಅದು ಬೇರೆಯಾಗಿದೆ, ಆದರೆ ಹೆಚ್ಚು ಚರ್ಚೆಯಾದ ತೀರ್ಪು ಜರ್ಮನಿಯದು. ಬರ್ಲಿನ್‌ನಲ್ಲಿ 2012ರಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಸುರಂಗ ರೈಲಿಗೆ ಸಿಕ್ಕಿ ತೀರಿಕೊಂಡಳು. ಅದು ಅಪಘಾತವೋ ಆತ್ಮಹತ್ಯೆಯೋ ಎಂದು ತಿಳಿಯಲು ತಂದೆತಾಯಿ ಅವಳ ಫೇಸ್‌ಬುಕ್ ಖಾತೆಯನ್ನು ನೋಡಬಯಸಿದರು. ತಾಯಿಗೆ ಪಾಸ್‌ವರ್ಡ್ ಗೊತ್ತಿತ್ತು, ಆದರೆ ಅಷ್ಟರಲ್ಲಿ ಖಾತೆಯನ್ನು, ತೀರಿಹೋದವರ ನೆನಪಿಗಾಗಿ ಉಳಿಸಿಡುವ ಸ್ಮರಣೆಯ ಖಾತೆಯಾಗಿ ಬದಲಾಯಿಸಿದ್ದರಿಂದ ಒಳಗೆ ಹೋಗಲಾಗಲಿಲ್ಲ. ಕೆಳಗಿನ ನ್ಯಾಯಾಲಯ ತಂದೆತಾಯಿಯ ಪರವಾಗಿ, ಮೇಲ್ಮನವಿಯ ನ್ಯಾಯಾಲಯ ಅವರ ವಿರುದ್ಧವಾಗಿ ತೀರ್ಪು ಕೊಟ್ಟವು. ಕೊನೆಗೆ 2018ರ ಜುಲೈ 12ರಂದು ಅಲ್ಲಿಯ ಫೆಡರಲ್ ನ್ಯಾಯಾಲಯವು, ಪತ್ರಗಳೂ ದಿನಚರಿಗಳೂ ವಾರಸುದಾರರಿಗೆ ಸೇರುವಂತೆ ಈ ಖಾತೆಯೂ ಸೇರುತ್ತದೆ ಎಂದು ತೀರ್ಮಾನಿಸಿತು.

ಹಾಗಿದ್ದರೂ, ಆ ತಂದೆತಾಯಿಗೆ ಉತ್ತರ ಬೇಕೇಬೇಕಾದ ಒಂದು ಪ್ರಶ್ನೆಯಿತ್ತು, ಮತ್ತು ಅದಕ್ಕೆ ಉತ್ತರ ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ ಎಂಬುದನ್ನು ಗಮನಿಸಿ. ನಿಮ್ಮ ವಿಷಯದಲ್ಲಿ ಹಾಗಿಲ್ಲ. ಆ ಲೆಕ್ಕ ಯಾವುದೆಂದು ಹೇಳಬಲ್ಲ ಸ್ನೇಹಿತರು ಬದುಕಿದ್ದಾರೆ, ಅವರ ಸಂಖ್ಯೆ ನಿಮ್ಮ ಕೈಯಲ್ಲಿದೆ. ಸಂದೇಶಗಳನ್ನು ಮೇಲಕ್ಕೆ ಸರಿಸಿ ಓದುವ ಬದಲು ಅವರಿಗೆ ಫೋನ್ ಮಾಡಿ, ಇಂಥ ಒಂದು ಸಾಲು ಕಣ್ಣಿಗೆ ಬಿತ್ತು, ಮುಂದೆ ಓದಿಲ್ಲ, ನಾವು ತೀರಿಸಬೇಕಾದದ್ದೇನಾದರೂ ಇದ್ದರೆ ತಿಳಿಸಿ ಎಂದು ನೇರವಾಗಿ ಕೇಳಿ. ಅಪ್ಪನ ಮೊಬೈಲಿನಿಂದ ಮಾತ್ರ ಮಾಡಬೇಡಿ. ತೀರಿಹೋದವರ ಹೆಸರು ಪರದೆಯ ಮೇಲೆ ಮೂಡಿ ಫೋನ್ ರಿಂಗಾಗುವುದು ಏನೆಂಬುದು ಅನುಭವಿಸಿದವರಿಗೆ ಗೊತ್ತು.

ಉತ್ತರ 3

ನಾವು ಅವಸರ ಮಾಡಿದೆವು, ಅದರ ಫಲವನ್ನು ಇಲ್ಲಿ ಬರೆಯುತ್ತೇನೆ. ಅಕ್ಕ ಹೋದ ಎರಡನೆಯ ವಾರದಲ್ಲಿಯೇ, ಸುಮ್ಮನೆ ತಿಂಗಳು ತಿಂಗಳು ದುಡ್ಡು ಕಟ್ಟುವುದೇಕೆಂದು ಅವಳ ಸಂಖ್ಯೆಯನ್ನು ನಿಲ್ಲಿಸಿಬಿಟ್ಟೆವು. ಅವಳ ಮಕ್ಕಳು ಚಿಕ್ಕವರಿದ್ದಾಗಿನ ಚಿತ್ರಗಳೆಲ್ಲ ಅವಳ ಇಮೇಲ್ ಖಾತೆಯೊಂದಿಗೆ ಸೇರಿದ ಕ್ಲೌಡ್‌ನಲ್ಲಿದ್ದವೆಂದು ತಿಳಿದದ್ದು ಆಮೇಲೆ. ಪಾಸ್‌ವರ್ಡನ್ನು ಅವಳು ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಳು, ಅದು ಸರಿಯಾಗಿಯೂ ಇತ್ತು. ಆದರೆ ಒಟಿಪಿ ಹೋಗುತ್ತಿದ್ದದ್ದು ಇಲ್ಲದ ಸಂಖ್ಯೆಗೆ. ಮೂರು ತಿಂಗಳು ಪತ್ರ ಬರೆದು, ಪ್ರಮಾಣಪತ್ರಗಳನ್ನು ಕಳುಹಿಸಿ ಸೋತೆವು.

ಅದಕ್ಕಿಂತ ಕಷ್ಟವಾದದ್ದು ಇನ್ನೊಂದು. ನನ್ನ ಮೊಬೈಲಿನಲ್ಲಿ “ಅಕ್ಕ” ಎಂಬ ಹೆಸರನ್ನು ನಾನು ಅಳಿಸಿರಲಿಲ್ಲ. ಒಂದು ದಿನ ವಾಟ್ಸ್‌ಆ್ಯಪ್ ತೆರೆದಾಗ ಆ ಹೆಸರಿನ ಪಕ್ಕದಲ್ಲಿ ಅವಳ ಚಿತ್ರವಿದ್ದ ಜಾಗದಲ್ಲಿ ಒಬ್ಬ ಯುವಕ ಮೋಟರ್‌ಸೈಕಲ್ ಮೇಲೆ ಕುಳಿತಿದ್ದ. ಸಂಖ್ಯೆ ಅವನಿಗೆ ಹೋಗಿತ್ತು. ಅವನದೇನೂ ತಪ್ಪಿಲ್ಲ. ಆದರೆ ಆ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಸಂಖ್ಯೆಯನ್ನು ನಿಲ್ಲಿಸುವ ಮೊದಲು, ಅದಕ್ಕೆ ಕಟ್ಟಿಕೊಂಡಿರುವ ಪ್ರತಿಯೊಂದು ಖಾತೆಗೂ ಬೇರೆ ಸಂಖ್ಯೆ ಕೊಡಿ. ಮನೆಯವರೆಲ್ಲರಿಗೂ ನಿಲ್ಲಿಸುವ ದಿನವನ್ನು ಮುಂಚೆಯೇ ಹೇಳಿ.

ಉತ್ತರ 4

ನಾನು ಎಲ್ಲವನ್ನೂ ಓದಿದವಳು. ನನ್ನ ಯಜಮಾನರು ಹೋದ ಮೇಲೆ ಏಳು ತಿಂಗಳ ಕಾಲ, ಮಕ್ಕಳು ಮಲಗಿದ ಮೇಲೆ, ಅವರ ಮೊಬೈಲನ್ನು ಹಿಡಿದು ಹಳೆಯದರಿಂದ ಹೊಸದರವರೆಗೆ ಓದುತ್ತ ಹೋದೆ. ಅವರ ಮಾತು ಇನ್ನೂ ಮುಗಿದಿಲ್ಲವೆಂಬ ಭಾವನೆ ಅದರಿಂದ ಸಿಗುತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ಮುಚ್ಚಿಟ್ಟ ಸಂಗತಿ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಎರಡು ಸಾಲು. ಅವರು ತಮ್ಮ ತಂಗಿಗೆ ಒಂದು ರಾತ್ರಿ, ದಣಿದು ಬಂದ ದಿನ ಇರಬೇಕು, ನನ್ನ ಬಗ್ಗೆ ಬೇಸರದಿಂದ ಬರೆದ ಎರಡು ಸಾಲು. ದೊಡ್ಡ ಮಾತೇನಲ್ಲ. ಬದುಕಿದ್ದರೆ ಮರುದಿನವೇ ಕೇಳಿ, ಜಗಳವಾಡಿ, ಮರೆತುಬಿಡುತ್ತಿದ್ದೆ. ಈಗ ಕೇಳಲು ಅವರಿಲ್ಲ, ಆ ಸಾಲುಗಳು ನನ್ನಲ್ಲಿ ಉಳಿದುಬಿಟ್ಟಿವೆ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವರು ನನಗೆ ಹೇಳಿದ ಒಳ್ಳೆಯ ಮಾತುಗಳಿಗಿಂತ ಆ ಎರಡು ಸಾಲುಗಳೇ ಮೊದಲು ನೆನಪಿಗೆ ಬರುತ್ತವೆ.

ಮನುಷ್ಯರು ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರಲ್ಲಿ ಆಡಿಕೊಳ್ಳುವ ಮಾತು ಆಡಿದ ಗಳಿಗೆಯಲ್ಲಿಯೇ ಕರಗಿಹೋಗಬೇಕಾದದ್ದು. ಮೊಬೈಲು ಅದನ್ನು ಕರಗಲು ಬಿಡುವುದಿಲ್ಲ. ನಿಮ್ಮ ತಾಯಿಯವರಿಗೆ ಧ್ವನಿ ಕೊಡಿ, ಚಿತ್ರ ಕೊಡಿ. ಬೇರೆಯವರೊಡನೆ ಆಡಿದ ಮಾತುಗಳನ್ನು ದಯವಿಟ್ಟು ಕೊಡಬೇಡಿ. ನೀವೂ ಓದಬೇಡಿ.

ಉತ್ತರ 5

ಖಾತೆಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಮೊಬೈಲು ಕೈಯಲ್ಲಿದೆಯೆಂದು ಜನ ಇದನ್ನು ಮರೆಯುತ್ತಾರೆ. ಎರಡು ವರ್ಷ ಬಳಸದ ವೈಯಕ್ತಿಕ ಗೂಗಲ್ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು, ಅದೇ ಡಿಸೆಂಬರಿನಿಂದ ಅದು ಜಾರಿಗೆ ಬಂದಿತು. ಆದ್ದರಿಂದ ಚಿತ್ರಗಳು ಅಲ್ಲಿದ್ದರೆ ಅವು ಶಾಶ್ವತವಾಗಿ ಅಲ್ಲಿಯೇ ಇರುತ್ತವೆಂದು ನೆಮ್ಮದಿಯಿಂದ ಕೂರುವಂತಿಲ್ಲ. ಫೇಸ್‌ಬುಕ್‌ನಲ್ಲಿ ಖಾತೆಯಿದ್ದರೆ, ನಿಧನದ ದಾಖಲೆ ಕೊಟ್ಟು ಅದನ್ನು ಸ್ಮರಣೆಯ ಖಾತೆಯಾಗಿಸಬಹುದು. ಹಾಗಾದ ಮೇಲೆ ಹುಟ್ಟುಹಬ್ಬದ ನೆನಪೋಲೆಗಳು ಗೆಳೆಯರಿಗೆ ಹೋಗುವುದು ನಿಲ್ಲುತ್ತದೆ, ಆದರೆ ಮೇಲೆ ಹೇಳಿದ ಜರ್ಮನಿಯ ತಾಯಿಗೆ ಆದಂತೆ, ಪಾಸ್‌ವರ್ಡ್ ಇದ್ದರೂ ಒಳಗೆ ಹೋಗಲಾಗುವುದಿಲ್ಲ. ಉಳಿಸಿಕೊಳ್ಳಬೇಕಾದದ್ದನ್ನು ಉಳಿಸಿಕೊಂಡ ಮೇಲೆಯೇ ಆ ಅರ್ಜಿ ಹಾಕಿ.

ವಾಟ್ಸ್‌ಆ್ಯಪ್ ತೆರೆಯುವ ಮೊದಲು ಇಂಟರ್ನೆಟ್ ಸಂಪರ್ಕವನ್ನು ಆರಿಸಿಕೊಳ್ಳಿ, ಅಥವಾ ಸೆಟ್ಟಿಂಗ್‌ನಲ್ಲಿ ನೀವು ಆನ್‌ಲೈನ್ ಇರುವುದು ಯಾರಿಗೂ ಕಾಣದಂತೆ ಮಾಡಿ. ಇದು ಚಿಕ್ಕ ವಿಷಯವಲ್ಲ. ನಮ್ಮ ಬಂಧುಗಳ ಗುಂಪಿನಲ್ಲಿ ಹೀಗೆ ನಡುರಾತ್ರಿ ತೀರಿಹೋದವರ ಹೆಸರಿನ ಕೆಳಗೆ “ಆನ್‌ಲೈನ್” ಎಂದು ಕಂಡು ಒಬ್ಬ ಹೆಂಗಸು ಬೆಳಗಾಗುವವರೆಗೂ ಪರದೆಯನ್ನೇ ನೋಡುತ್ತ ಕುಳಿತಿದ್ದರು. ಗುಂಪುಗಳಿಂದ ಹೆಸರನ್ನು ತೆಗೆಯುವ ಅವಸರವೂ ಬೇಡ. ಸಂಖ್ಯೆಯನ್ನು ನಿಲ್ಲಿಸುವಾಗ ಅದನ್ನೂ ಮಾಡಬಹುದು.

ಇಷ್ಟೆಲ್ಲ ಓದಿದವರು ಇವತ್ತೇ ತಮ್ಮ ಮೊಬೈಲಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಳ್ಳಬಹುದು. ನೀವು ಹೇಳಿದಷ್ಟು ತಿಂಗಳು ಖಾತೆ ಮೌನವಾಗಿದ್ದರೆ ಯಾರಿಗೆ ಏನನ್ನು ಕೊಡಬೇಕೆಂದು ಮೊದಲೇ ಗುರುತಿಸಿಡುವ ಸೌಲಭ್ಯವನ್ನು ಗೂಗಲ್ 2013ರಿಂದಲೇ ಕೊಡುತ್ತಿದೆ. ಚಿತ್ರಗಳು ಮಗಳಿಗೆ, ಇಮೇಲ್ ಯಾರಿಗೂ ಬೇಡ ಎಂದು ಬೇರೆ ಬೇರೆಯಾಗಿಯೂ ಹೇಳಬಹುದು. ಆ್ಯಪಲ್‌ನವರು 2021ರ ಡಿಸೆಂಬರಿನಲ್ಲಿ ಇಂಥದೇ ಏರ್ಪಾಡು ತಂದರು: ನೀವು ಹೆಸರಿಸಿದವರಿಗೆ ಒಂದು ಕೀಲಿಸಂಖ್ಯೆ ಸಿಗುತ್ತದೆ, ಅದನ್ನೂ ಮರಣ ಪ್ರಮಾಣಪತ್ರವನ್ನೂ ಕೊಟ್ಟರೆ ಚಿತ್ರಗಳು ಮೊದಲಾದವು ತೆರೆದುಕೊಳ್ಳುತ್ತವೆ, ಆದರೆ ಉಳಿಸಿಟ್ಟ ಪಾಸ್‌ವರ್ಡುಗಳು ಸಿಗುವುದಿಲ್ಲ. ಫೇಸ್‌ಬುಕ್‌ನಲ್ಲಿ 2015ರಿಂದ ಒಬ್ಬರನ್ನು ಹೀಗೆ ನೇಮಿಸಬಹುದು, ಅವರು ಕೂಡ ಖಾಸಗಿ ಸಂದೇಶಗಳನ್ನು ಓದಲಾರರು. ಮೂರು ಕಂಪನಿಗಳೂ ಒಂದೊಂದು ಗೆರೆ ಎಳೆದಿವೆ, ಆ ಗೆರೆ ಎಲ್ಲಿರಬೇಕೆಂಬುದನ್ನು ಮಾತ್ರ ನಾವು ಬದುಕಿರುವಾಗ ಮನೆಯಲ್ಲಿ ಕುಳಿತು ಮಾತಾಡುವುದಿಲ್ಲ. ನಾನು ಕಳೆದ ತಿಂಗಳು ಹೆಂಡತಿಯೊಡನೆ ಮಾತಾಡಿದೆ. ಅವಳು ಚಿತ್ರಗಳನ್ನೆಲ್ಲ ಇಟ್ಟುಕೋ, ನನ್ನ ಗೆಳತಿಯರ ಮಾತುಗಳನ್ನು ಓದದೆ ಅಳಿಸು ಎಂದಳು. ನನಗೆ ಮೊದಲು ಸ್ವಲ್ಪ ನೋವಾಯಿತು, ಆಮೇಲೆ ಅದು ಅವಳ ಹಕ್ಕೆಂದು ತಿಳಿಯಿತು.

ಪ್ರಶ್ನೆ ಕೇಳಿದವರ ಮರುಉತ್ತರ

ಇಷ್ಟು ಸಹನೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ.

ಮೊದಲ ಭಾನುವಾರ ನಾನೂ ತಂಗಿಯೂ ಕುಳಿತು ಚಿತ್ರಗಳನ್ನೂ ಧ್ವನಿಸಂದೇಶಗಳನ್ನೂ ಪ್ರತಿ ಮಾಡಿಕೊಂಡೆವು. ಧ್ವನಿಸಂದೇಶಗಳಲ್ಲಿ ಅಮ್ಮನಿಗೂ ನಮಗೂ ಅಪ್ಪ ಕಳುಹಿಸಿದ್ದವನ್ನು ಮಾತ್ರ ಬೇರೆಯಾಗಿ ತೆಗೆದೆವು. ಎಲ್ಲ ಸೇರಿ ಇನ್ನೂರ ಹದಿನಾರು. ಹೆಚ್ಚಿನವು ಹತ್ತು ಸೆಕೆಂಡಿನವು. ಬರುವಾಗ ಏನು ತರಲಿ, ಬಾಗಿಲು ಹಾಕಿಕೊಂಡೆಯಾ, ಮಳೆ ಬರುವಂತಿದೆ ಬಟ್ಟೆ ಒಳಗೆ ತೆಗೆದುಕೋ. ಅಮ್ಮ ದಿನಕ್ಕೆ ಒಂದನ್ನು ಮಾತ್ರ ಕೇಳುತ್ತಾರೆ, ಎಲ್ಲವನ್ನೂ ಒಟ್ಟಿಗೆ ಕೇಳುವುದಿಲ್ಲವೆಂದು ಅವರೇ ನಿರ್ಧರಿಸಿದ್ದಾರೆ. ಉಳಿದ ಮಾತುಕತೆಗಳನ್ನು ನಾವು ತೆರೆಯಲಿಲ್ಲ. ತಂಗಿ ಇದನ್ನು ಪೂರ್ತಿ ಒಪ್ಪಿಲ್ಲ. ಅವುಗಳನ್ನು ಅಳಿಸದೆ ಮೊಬೈಲಿನಲ್ಲಿಯೇ ಇಡುವುದೆಂದು ಸದ್ಯಕ್ಕೆ ಮಾತಾಗಿದೆ.

ಉತ್ತರ 2ರಲ್ಲಿ ಸೂಚಿಸಿದಂತೆ, ನನ್ನ ಸಂಖ್ಯೆಯಿಂದಲೇ ಅಪ್ಪನ ಸ್ನೇಹಿತರಿಗೆ ಫೋನ್ ಮಾಡಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಸಾಲ ಅಪ್ಪನದಲ್ಲ, ತಮ್ಮದು ಎಂದರು. ಅವರ ಮನೆಯಲ್ಲಿ ಒಂದು ಕಷ್ಟ ಬಂದಾಗ ಅಪ್ಪ ಹಣ ಕೊಟ್ಟಿದ್ದರಂತೆ, ಅದು ಯಾರಿಗೂ ತಿಳಿಯಬಾರದೆಂದು ಕೇಳಿಕೊಂಡವರು ಆ ಸ್ನೇಹಿತರೇ. ಆ ಕಷ್ಟ ಯಾವುದೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮೇಲಿನ ಸಂದೇಶಗಳನ್ನು ಓದಿದ್ದರೆ ಅದು ನನಗೆ ಗೊತ್ತಾಗಿರುತ್ತಿತ್ತು, ಮತ್ತು ಅವರೆದುರು ನಿಲ್ಲುವಾಗಲೆಲ್ಲ ಗೊತ್ತಿಲ್ಲದಂತೆ ನಿಲ್ಲಬೇಕಾಗುತ್ತಿತ್ತು. ಓದಿದೆಯಾ ಎಂದು ಅವರು ಒಂದೇ ಸಲ ಕೇಳಿದರು. ಇಲ್ಲವೆಂದೆ. ಅದನ್ನು ನಿಜವಾಗಿ ಹೇಳಲು ಸಾಧ್ಯವಾದದ್ದಕ್ಕೆ ಈ ಚರ್ಚೆಗೆ ನಾನು ಋಣಿ.

ಸಂಖ್ಯೆಯನ್ನು ಒಂದು ವರ್ಷ ಉಳಿಸಿಕೊಳ್ಳುತ್ತೇವೆ. ಅಷ್ಟರಲ್ಲಿ ಅದಕ್ಕೆ ಸೇರಿದ ಖಾತೆಗಳನ್ನು ಒಂದೊಂದಾಗಿ ಬಿಡಿಸುವ ಕೆಲಸವನ್ನು ತಮ್ಮ ವಹಿಸಿಕೊಂಡಿದ್ದಾನೆ. ಅಲಾರಂ ಈಗಲೂ 5.40ಕ್ಕೆ ಹೊಡೆಯುತ್ತಿದೆ.